ಪದ ಪರಿಚಯ: ಕೆಂಪು ರಾಜ್ಯ, ನೀಲಿ ರಾಜ್ಯ

ಅಮೆರಿಕದ ಅಧ್ಯಕ್ಷರ ಚುನಾವಣೆ ಬಂತೆಂದರೆ ಟಿವಿಯಲ್ಲಿ ಕೆಂಪು-ನೀಲಿ ನಕ್ಷೆ ಬರುತ್ತದೆ. ರಿಪಬ್ಲಿಕನ್ ಪಕ್ಷಕ್ಕೆ ಒಲಿಯುವ ರಾಜ್ಯ ಕೆಂಪು, ಡೆಮಾಕ್ರಟಿಕ್ ಪಕ್ಷಕ್ಕೆ ಒಲಿಯುವುದು ನೀಲಿ. ಇದು ತುಂಬಾ ಹಳೆಯ ರೂಢಿಯಲ್ಲ. ಮೊದಲು ಒಂದೊಂದು ಚಾನೆಲ್ ಒಂದೊಂದು ರೀತಿ ಬಣ್ಣ ಹಚ್ಚುತ್ತಿತ್ತು. 2000ರ ಫಲಿತಾಂಶದ ಗೊಂದಲ ವಾರಗಟ್ಟಲೆ ಮುಗಿಯಲಿಲ್ಲ, ಅಷ್ಟು ದಿನ ನಕ್ಷೆ ನೋಡಿ ನೋಡಿ ಈಗಿನ ಜೋಡಿ ಗಟ್ಟಿಯಾಯಿತು.

ಇಡೀ ರಾಜ್ಯಕ್ಕೆ ಒಂದೇ ಬಣ್ಣ ಯಾಕೆ? ಮೇನ್, ನೆಬ್ರಾಸ್ಕಾ ಬಿಟ್ಟರೆ ಉಳಿದೆಡೆ, ರಾಜ್ಯದಲ್ಲಿ ಒಂದೇ ಒಂದು ಮತ ಜಾಸ್ತಿ ಪಡೆದವರಿಗೂ ಅಲ್ಲಿನ ಅಷ್ಟೂ ಎಲೆಕ್ಟೋರಲ್ ಮತಗಳು (ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೂ ಇಂತಿಷ್ಟು ಅಂತ ಹಂಚಿದ ಮತಗಳು) ಸಿಗುತ್ತವೆ. ಇಡೀ ದೇಶದ ಇಂಥ 538 ಮತಗಳಲ್ಲಿ 270 ಬಂದರೆ ಗೆಲುವು.

ರಾಜ್ಯದಲ್ಲಿ ಎಂಥ ಜನ ಇದ್ದಾರೆ, ಅವರು ಯಾವ ಪಕ್ಷವನ್ನು ತಮ್ಮದು ಅಂದುಕೊಂಡಿದ್ದಾರೆ ಎಂಬುದೇ ಬಣ್ಣವನ್ನು ತೀರ್ಮಾನಿಸುತ್ತದೆ. ಇವೆರಡರಲ್ಲಿ ಯಾವುದು ಬದಲಾದರೂ ಬಣ್ಣ ಬದಲಾಗಬಹುದು. ಪಕ್ಕಪಕ್ಕದ ಎರಡು ರಾಜ್ಯಗಳನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ.

ವರ್ಜೀನಿಯಾ 1968ರಿಂದ 2004ರವರೆಗೆ ಪ್ರತಿ ಸಲವೂ ರಿಪಬ್ಲಿಕನ್ನರ ಕಡೆಗಿತ್ತು. 2008ರಿಂದ ಪ್ರತಿ ಸಲವೂ ಡೆಮಾಕ್ರಟರ ಕಡೆಗಿದೆ. ಅಲ್ಲಿ ಬದಲಾದದ್ದು ಜನ. ರಾಜಧಾನಿ ವಾಷಿಂಗ್ಟನ್‌ಗೆ ಹತ್ತಿರದ ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಿಗೆ ಸರ್ಕಾರಿ ಮತ್ತು ಐಟಿ ಕೆಲಸ ಹುಡುಕಿ ಓದಿದವರು, ಹೊರದೇಶದವರು ಬಂದು ನೆಲೆಸಿದರು. ಕನ್ನಡದ ಮನೆಗಳೂ ಅಲ್ಲಿವೆ.

ವೆಸ್ಟ್ ವರ್ಜೀನಿಯಾದ ಕಥೆಯೇ ಬೇರೆ, ನನಗೆ ಹೆಚ್ಚು ಕಾಡುವುದೂ ಅದೇ. ಕಲ್ಲಿದ್ದಲು ಗಣಿಗಳ ರಾಜ್ಯ ಅದು. ಗಣಿ ಕಾರ್ಮಿಕರ ಸಂಘ ಬಲವಾಗಿತ್ತು. 1930ರ ದಶಕದ ಡೆಮಾಕ್ರಟ್ ಅಧ್ಯಕ್ಷ ರೂಸ್‌ವೆಲ್ಟ್ ಕಾಲದಿಂದ ಅಪ್ಪನ ಪಕ್ಷವೇ ಮಗನ ಪಕ್ಷ. 1988ರಲ್ಲಿ ಡೆಮಾಕ್ರಟ್ ಡುಕಾಕಿಸ್ ಗೆದ್ದದ್ದು ಬರೀ 10 ರಾಜ್ಯಗಳನ್ನು, ಅದರಲ್ಲಿ ಇದೂ ಒಂದು. ಆದರೆ ಯಂತ್ರಗಳು ಬಂದು ಗಣಿ ಕೆಲಸ ಕರಗುತ್ತಾ ಹೋಯಿತು, ಸಂಘ ಸೊರಗುತ್ತಾ ಹೋಯಿತು. ಪರಿಸರ, ಬಂದೂಕು, ಧರ್ಮದ ವಿಚಾರಗಳಲ್ಲಿ ಪಕ್ಷ ತಮ್ಮನ್ನು ಕೈಬಿಟ್ಟಿತು ಅಂತ ಜನರಿಗೆ ಅನಿಸಿತು. ಅಲ್ಲಿ ಈಗಲೂ ಹತ್ತರಲ್ಲಿ ಒಂಬತ್ತು ಜನ ಬಿಳಿಯರೇ. ಹೊರಗಿನಿಂದ ಬಂದವರು ತೀರಾ ಕಡಿಮೆ. ಅಲ್ಲಿ ಬದಲಾದದ್ದು ನಿಷ್ಠೆ.

ಆ ಬದಲಾವಣೆಗೆ ಇಡೀ ದೇಶ ಬೆಲೆ ತೆತ್ತಿತು. 2000ರಲ್ಲಿ ಈ ರಾಜ್ಯ ರಿಪಬ್ಲಿಕನ್ ಬುಷ್ ಕಡೆಗೆ ಹೋಯಿತು. ದೇಶದಲ್ಲಿ ಬುಷ್‌ಗೆ 271 ಎಲೆಕ್ಟೋರಲ್ ಮತ, ಡೆಮಾಕ್ರಟ್ ಗೋರ್‌ಗೆ 266. ವೆಸ್ಟ್ ವರ್ಜೀನಿಯಾದ 5 ಮತ ಗೋರ್‌ಗೆ ಬಂದಿದ್ದರೆ ಅವರೇ ಅಧ್ಯಕ್ಷರು. ಎಲ್ಲರೂ ಆಗ ಮತ ಎಣಿಕೆಯ ಜಗಳ ನಡೆದ ಫ್ಲಾರಿಡಾ ಬಗ್ಗೆ ಮಾತಾಡುತ್ತಾರೆ, ಇದನ್ನು ನೆನೆಯುವವರು ಕಮ್ಮಿ ಅಲ್ವಾ?

ಆದರೂ ಹಳೆಯ ನಂಟು ಸುಮ್ನೆ ಹೋಗುವುದಿಲ್ಲ. ಅಧ್ಯಕ್ಷರ ಆಯ್ಕೆಯಲ್ಲಿ ಕೆಂಪಾದ ಮೇಲೂ, ಮತದಾರರು ತಮ್ಮ ಪಕ್ಷವನ್ನೂ ಬರೆಸುವ ನೋಂದಣಿ ಪುಸ್ತಕದಲ್ಲಿ 2021ರ ತನಕ ಡೆಮಾಕ್ರಟರ ಹೆಸರೇ ಅಲ್ಲಿ ಜಾಸ್ತಿ ಇತ್ತು.