ಕಾನೂನಿನ ಅಂಕಿ ಎಲ್ಲಿಂದ ಬರುತ್ತದೆ?

1970ರ ದಶಕದ ಶುರುವಿನಲ್ಲಿ ಅಮೆರಿಕದ ಒಂದು ಸಾಧಾರಣ ಫ್ರಿಜ್ ವರ್ಷಕ್ಕೆ ಸುಮಾರು 1,800 ಯೂನಿಟ್ ಕರೆಂಟ್ ಎಳೆಯುತ್ತಿತ್ತು. ಒಳಗೆ ಜಾಗ ಜಾಸ್ತಿ ಸಿಗಲಿ ಅಂತ ಕಂಪನಿಗಳು ಅದರ ಗೋಡೆಯನ್ನು ತೆಳು ಮಾಡಿದ್ದವು. ಗೋಡೆ ತೆಳುವಾದರೆ ಹೊರಮೈ ತಣ್ಣಗಾಗಿ ಬಾಗಿಲ ಸುತ್ತ ನೀರು ಕೂರುತ್ತದೆ. ಅದು ಕೂರದಿರಲಿ ಅಂತ ಗೋಡೆಯೊಳಗೆ ಹೀಟರ್ ತಂತಿ ಹಾಕುತ್ತಿದ್ದರು. ಆ ಬಿಸಿಯಲ್ಲಿ ಒಂದಷ್ಟು ಫ್ರಿಜ್ ಒಳಕ್ಕೇ ಹೋಗುತ್ತಿತ್ತು. ಅದನ್ನು ಹೊರಹಾಕಲು ಕಂಪ್ರೆಸರ್ ಇನ್ನೂ ಜಾಸ್ತಿ ಹೊತ್ತು ಓಡಬೇಕಿತ್ತು.

ದಪ್ಪ ಗೋಡೆ, ಒಳ್ಳೆಯ ಫೋಮ್, ಉತ್ತಮ ಮೋಟಾರು ಯಾವುದೂ ಎಂಜಿನಿಯರುಗಳಿಗೆ ಹೊಸದಲ್ಲ. ಆದರೂ ಅವು ಮಾರುಕಟ್ಟೆಗೆ ಬರುತ್ತಿರಲಿಲ್ಲ. ಬರ್ಕ್ಲಿಯಲ್ಲಿ ಕಣ ಭೌತವಿಜ್ಞಾನ ಮಾಡುತ್ತಿದ್ದ ಆರ್ಥರ್ ರೋಸೆನ್‌ಫೆಲ್ಡ್ 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿತಾಯದ ಕಡೆ ತಿರುಗಿದರು. ಅವರೂ ಅವರ ವಿದ್ಯಾರ್ಥಿ ಡೇವಿಡ್ ಗೋಲ್ಡ್‌ಸ್ಟೀನ್ ಅವರೂ ಮಾರುಕಟ್ಟೆಯಲ್ಲಿದ್ದ ಫ್ರಿಜ್‌ಗಳ ಬೆಲೆ ಮತ್ತು ಬಳಕೆಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದೇ ಅಳತೆಯ, ಒಂದೇ ಸೌಲಭ್ಯದ ಫ್ರಿಜ್‌ಗಳ ನಡುವೆ ಕರೆಂಟ್ ಬಳಕೆಯಲ್ಲಿ ಭಾರಿ ವ್ಯತ್ಯಾಸವಿತ್ತು. ಬೆಲೆಗೂ ಬಳಕೆಗೂ ಸಂಬಂಧವೇ ಇರಲಿಲ್ಲ. ಕಡಿಮೆ ಕರೆಂಟಿನ ಫ್ರಿಜ್ ಬೇಕಾದರೆ ಜಾಸ್ತಿ ದುಡ್ಡು ಕೊಡಲೇಬೇಕು ಎಂಬ ವಾದಕ್ಕೆ ಆಧಾರ ಉಳಿಯಲಿಲ್ಲ. 1977ರಲ್ಲಿ, ಒಂದು ಫ್ರಿಜ್ ಇಷ್ಟಕ್ಕಿಂತ ಜಾಸ್ತಿ ಕರೆಂಟ್ ಎಳೆಯಬಾರದು ಎಂಬ ಕ್ಯಾಲಿಫೋರ್ನಿಯಾ ರಾಜ್ಯದ ನಿಯಮ ಜಾರಿಗೆ ಬಂತು. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮವಾದರೆ ಕಷ್ಟ ಅಂತ ಕಂಪನಿಗಳೇ ಮಾತುಕತೆಗೆ ಬಂದವು. 1987ರಲ್ಲಿ ಇಡೀ ದೇಶಕ್ಕೆ ಕಾನೂನಾಯಿತು. 2001ರ ಹೊತ್ತಿಗೆ ಹೊಸ ಫ್ರಿಜ್‌ಗಳ ಬಳಕೆ ವರ್ಷಕ್ಕೆ ಸುಮಾರು 500 ಯೂನಿಟ್‌ಗೆ ಇಳಿದಿತ್ತು.

ಈ ಕಥೆಯಲ್ಲಿ ಯಾರೂ ಹೊಗಳದ ಒಂದು ಭಾಗವಿದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಒಂದು ಫ್ರಿಜ್ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಅಳೆಯುವುದು ಹೇಗೆ? ಒಬ್ಬರ ಮನೆಯಲ್ಲಿ ಮಕ್ಕಳು ಗಳಿಗೆಗೊಮ್ಮೆ ಬಾಗಿಲು ತೆಗೆಯುತ್ತಾರೆ, ಇನ್ನೊಬ್ಬರ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ. ಅಮೆರಿಕದ ಪರೀಕ್ಷೆಯಲ್ಲಿ ಬಾಗಿಲು ತೆಗೆಯುವುದೇ ಇಲ್ಲ. ಅದರ ಬದಲು ಕೋಣೆಯನ್ನು ಸುಮಾರು 32 ಡಿಗ್ರಿಗೆ ಬಿಸಿಯಾಗಿಡುತ್ತಾರೆ. ಬಾಗಿಲು ತೆಗೆದಾಗ ನುಗ್ಗುವ ಗಾಳಿ, ಒಳಗಿಟ್ಟ ಬಿಸಿ ಪಾತ್ರೆ, ಎಲ್ಲದರ ಲೆಕ್ಕವನ್ನೂ ಆ ಹೆಚ್ಚುವರಿ ಬಿಸಿಯೇ ಹೊರುತ್ತದೆ. ಬೇರೆ ಬೇರೆ ಲ್ಯಾಬ್‌ಗಳಲ್ಲಿ ಒಂದೇ ಉತ್ತರ ಬರಬೇಕು, ಆ ಉತ್ತರ ಮನೆಯ ಬಳಕೆಗೂ ಹತ್ತಿರವಿರಬೇಕು. ಎರಡನ್ನೂ ಒಟ್ಟಿಗೆ ಸಾಧಿಸುವುದು ಸುಲಭವಲ್ಲ, ಅಲ್ವಾ? ಇದು ಪಕ್ಕಾ ಎಂಜಿನಿಯರಿಂಗ್ ಸಂಶೋಧನೆ. ಇದಿಲ್ಲದೆ ಕಾನೂನಿನಲ್ಲಿ ಬರೆದ ಅಂಕಿ ಸುಮ್ನೆ ಒಂದು ಅಂಕಿ.

ಅಂಕಿ ಬಿಗಿಯಾಗಿದ್ದರೆ ಒಳ್ಳೆಯ ತಂತ್ರಜ್ಞಾನವೂ ಬಾಗಿಲ ಹೊರಗೆ ಕಾಯಬೇಕಾಗುತ್ತದೆ. ಫ್ರಿಜ್ ತಣ್ಣಗಾಗಿಸಲು ಒಳಗೆ ತುಂಬುವ ಐಸೊಬ್ಯೂಟೇನ್ ಎಂಬ ಹೈಡ್ರೋಕಾರ್ಬನ್ ಗ್ಯಾಸ್ ಓಜೋನ್ ಪದರಕ್ಕೆ ಹಾನಿ ಮಾಡುವುದಿಲ್ಲ, ಭೂಮಿಯನ್ನು ಬಿಸಿ ಮಾಡುವುದೂ ತೀರಾ ಕಡಿಮೆ. ಜರ್ಮನಿಯಲ್ಲಿ ಹೈಡ್ರೋಕಾರ್ಬನ್ ಗ್ಯಾಸಿನ ಫ್ರಿಜ್ 1993ರಲ್ಲೇ ಬಂತು. ಅಮೆರಿಕ ಇದಕ್ಕೆ ಒಪ್ಪಿದ್ದು 2011ರಲ್ಲಿ, ಅದೂ ಒಂದು ಫ್ರಿಜ್‌ನಲ್ಲಿ 57 ಗ್ರಾಂ ಗ್ಯಾಸ್ ಮಾತ್ರ ಎಂಬ ಮಿತಿಯೊಂದಿಗೆ. ಅದು ಹೊತ್ತಿಕೊಳ್ಳುವ ಗ್ಯಾಸ್, ಹಾಗಾಗಿ ಭಯ ಸಹಜವೇ. ಆದರೆ ದೊಡ್ಡ ಫ್ರಿಜ್‌ಗೆ ಅಷ್ಟು ಸಾಲದು. ಮಿತಿ 150 ಗ್ರಾಂಗೆ ಏರಿದ್ದು 2018ರಲ್ಲಿ.

ಪರೀಕ್ಷೆಯೇ ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದು ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಿ ಗೊತ್ತಾಯಿತು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹೊಗೆ ಅಳೆಯುವ ಯಂತ್ರವನ್ನು ಡೀಸೆಲ್ ಕಾರಿನಲ್ಲೇ ಹೇರಿಕೊಂಡು ರಸ್ತೆಗೆ ಇಳಿದರು. ಲ್ಯಾಬಿನಲ್ಲಿ ಪಾಸಾಗಿದ್ದ ಒಂದು ಕಾರು ರಸ್ತೆಯಲ್ಲಿ ಮಿತಿಯ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು. ಸ್ಟಿಯರಿಂಗ್ ತಿರುಗುತ್ತಿದೆಯೇ, ವೇಗ ಹೇಗಿದೆ ಅಂತ ನೋಡಿ, ಇದು ಪರೀಕ್ಷೆ ಅಂತ ಕಾರಿನ ಸಾಫ್ಟ್‌ವೇರ್ ಪತ್ತೆಹಚ್ಚುತ್ತಿತ್ತು. 2015ರ ಸೆಪ್ಟೆಂಬರಿನಲ್ಲಿ ಇದು ಬಯಲಾಯಿತು. 2017ರಿಂದ ಯುರೋಪಿನಲ್ಲಿ ಹೊಸ ಮಾದರಿಯ ಕಾರುಗಳನ್ನು ರಸ್ತೆಯಲ್ಲೂ ಓಡಿಸಿ ಅಳೆಯುತ್ತಾರೆ.

ಪರೀಕ್ಷಾ ವಿಧಾನ ಬರೆಯುವ ಸಮಿತಿಗೆ ಕಂಪನಿಗಳು ತಪ್ಪದೆ ಜನರನ್ನು ಕಳಿಸುತ್ತವೆ. ವಿಶ್ವವಿದ್ಯಾಲಯದ ಸಂಶೋಧಕರಿಗೆ ಅಲ್ಲಿ ಕೂತ ಹೊತ್ತಿಗೆ ಪ್ರಬಂಧದ ಲೆಕ್ಕ ಸಿಗುವುದಿಲ್ಲ, ಬಡ್ತಿಯೂ ಸಿಗುವುದಿಲ್ಲ. ಇದು ಬದಲಾಗಲೇಬೇಕು. ಈಗ ಏಸಿಯ ವಿಷಯವನ್ನೇ ನೋಡಿ. ಇನ್ವರ್ಟರ್ ಏಸಿಯ ಸಾಮರ್ಥ್ಯವೆಲ್ಲ ಇರುವುದು ಕೋಣೆಯ ಬಿಸಿಗೆ ತಕ್ಕಂತೆ ಕಂಪ್ರೆಸರ್ ವೇಗ ಬದಲಿಸುವುದರಲ್ಲಿ. ಆದರೆ ಬಳಕೆಯಲ್ಲಿರುವ ಹಲವು ಪರೀಕ್ಷೆಗಳಲ್ಲಿ ಆ ವೇಗವನ್ನು ಲಾಕ್ ಮಾಡಿಯೇ ಅಳೆಯುತ್ತಾರೆ. ಏಸಿ ತನ್ನ ಪಾಡಿಗೆ ತಾನು ಓಡಿದಾಗ ಎಷ್ಟು ಕರೆಂಟ್ ಎಳೆಯುತ್ತದೆ, ಗಾಳಿಯ ತೇವವನ್ನು ಎಷ್ಟು ತೆಗೆಯುತ್ತದೆ ಎಂಬುದು ಅಲ್ಲಿ ಸರಿಯಾಗಿ ಕಾಣಿಸುವುದಿಲ್ಲ. ವೇಗವನ್ನು ಬಿಟ್ಟುಕೊಟ್ಟು ಅಳೆಯುವ ವಿಧಾನಗಳ ಮೇಲೆ ಈಗ ಕೆಲಸ ನಡೆಯುತ್ತಿದೆ.