ಮೊದಲ ಹಣ ಬಹುಕಾಲ ಉಳಿಯುವ ಭಾಗಗಳಿಗೆ

ಕಡಿಮೆ ಬಜೆಟ್‌ನಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಡಲು ಕೇಳುವವರಲ್ಲಿ ಹೆಚ್ಚಿನವರು ಮೊದಲು ಗ್ರಾಫಿಕ್ಸ್ ಕಾರ್ಡ್ ಆರಿಸಿ, ಮಿಕ್ಕ ಹಣದಲ್ಲಿ ಪವರ್ ಸಪ್ಲೈ ಮತ್ತು ಮದರ್‌ಬೋರ್ಡ್ ಹೊಂದಿಸಲು ಬಯಸುತ್ತಾರೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಕಾರ್ಡು ಕೆಲವು ವರ್ಷಗಳಲ್ಲಿ ಬದಲಾಗುತ್ತದೆ. ಮುಂದೆ ಯಾವ ಕಾರ್ಡು, ಯಾವ ಪ್ರೊಸೆಸರ್ ಹಾಕಬಹುದು ಎಂಬುದನ್ನು ನಿರ್ಧರಿಸುವುದು ಒಳಗೆ ಉಳಿಯುವ ಆ ಎರಡು ಭಾಗಗಳೇ.

750 ವ್ಯಾಟ್‌ನ ಪವರ್ ಸಪ್ಲೈ ಸದಾ 750 ವ್ಯಾಟ್ ಎಳೆಯುತ್ತದೆ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಒಳಗಿನ ಭಾಗಗಳು ಬೇಡುವಷ್ಟು ವಿದ್ಯುತ್ತನ್ನು ಮತ್ತು ಪರಿವರ್ತನೆಯಲ್ಲಿ ಶಾಖವಾಗಿ ನಷ್ಟವಾಗುವಷ್ಟನ್ನು ಮಾತ್ರ ಅದು ಎಳೆಯುತ್ತದೆ. ಆಟದ ವೇಳೆ ಭಾಗಗಳಿಗೆ 300 ವ್ಯಾಟ್ ಬೇಕೆಂದುಕೊಳ್ಳೋಣ: ದಕ್ಷತೆ ಶೇ. 85 ಇದ್ದರೆ ಪ್ಲಗ್‌ನಿಂದ ಸುಮಾರು 353 ವ್ಯಾಟ್, ಶೇ. 90 ಇದ್ದರೆ ಸುಮಾರು 333 ವ್ಯಾಟ್ ಬೇಕಾಗುತ್ತದೆ. ದಿನಕ್ಕೆ 4 ಗಂಟೆ ಆಡಿದರೂ ವರ್ಷಕ್ಕೆ ಉಳಿಯುವುದು 29 ಯೂನಿಟ್‌ನಷ್ಟು. ಆದ್ದರಿಂದ '80 ಪ್ಲಸ್ ಗೋಲ್ಡ್' ಮುದ್ರೆಯೊಂದನ್ನೇ ನೋಡಿ ಕೊಳ್ಳಬಾರದು. ಅದು ದಕ್ಷತೆಯನ್ನು ಹೇಳುತ್ತದೆಯೇ ಹೊರತು ಶಾರ್ಟ್ ಸರ್ಕ್ಯೂಟ್ ಹಾಗೂ ಅಧಿಕ ವಿದ್ಯುತ್ ಪ್ರವಾಹದಿಂದ ಸಿಗುವ ರಕ್ಷಣೆಯನ್ನಲ್ಲ. ಗ್ರಾಫಿಕ್ಸ್ ಕಾರ್ಡ್‌ಗಳು ಕ್ಷಣಮಾತ್ರಕ್ಕೆ ತಮ್ಮ ನಿಗದಿತ ಮಿತಿಯನ್ನು ಮೀರಿ ವಿದ್ಯುತ್ ಬೇಡುವುದರಿಂದ, ಒಟ್ಟು ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚಿನ ಸಾಮರ್ಥ್ಯವೂ ಇರಬೇಕು.

ಪ್ರೊಸೆಸರ್ ಪೆಟ್ಟಿಗೆಯ ಮೇಲಿನ '65 ವ್ಯಾಟ್' ಎಂಬುದು ಗರಿಷ್ಠ ಬಳಕೆಯಲ್ಲ. ಇಂಟೆಲ್‌ನ ಕೋರ್ ಐ5-12400 ಪ್ರೊಸೆಸರಿನ ಮೂಲ ಮಿತಿ 65 ವ್ಯಾಟ್ ಆದರೂ ವೇಗ ಹೆಚ್ಚಿಸಿಕೊಂಡು ಓಡುವಾಗಿನ (ಟರ್ಬೊ) ಮಿತಿ 117 ವ್ಯಾಟ್. ಗ್ರಾಫಿಕ್ಸ್‌ನಲ್ಲಿ ಆರ್‌ಟಿಎಕ್ಸ್ 4060 ಕಾರ್ಡಿನ ಮಿತಿ 115 ವ್ಯಾಟ್, ಆರ್‌ಎಕ್ಸ್ 7600 ಕಾರ್ಡಿನದು 165 ವ್ಯಾಟ್. ಖರ್ಚಿಲ್ಲದೆ ವಿದ್ಯುತ್ ಉಳಿಸುವ ದಾರಿಯೂ ಇದೆ: ಮಾನಿಟರ್ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ತೋರಿಸುವ 60 ಹರ್ಟ್ಜ್‌ನದಾಗಿದ್ದರೆ ಆಟದ ಫ್ರೇಮ್ ದರವನ್ನು ಅಲ್ಲಿಗೇ ಮಿತಿಗೊಳಿಸಿ. ಪರದೆ ತೋರಿಸಲಾಗದ ಫ್ರೇಮುಗಳಿಗಾಗಿ ಕಾರ್ಡು ಬಿಸಿಯಾಗಬೇಕಿಲ್ಲ.

ಮದರ್‌ಬೋರ್ಡ್ ಕೊಳ್ಳುವಾಗ ಪ್ರೊಸೆಸರ್ ಕೂರಿಸುವ ಜಾಗದ, ಅಂದರೆ ಸಾಕೆಟ್‌ನ ಆಯುಷ್ಯವನ್ನು ನಾನು ಮೊದಲು ನೋಡುತ್ತೇನೆ. ಎಎಮ್‌ಡಿಯ ಎಎಮ್4 ಸಾಕೆಟ್‌ಗೆ 2017ರಲ್ಲಿ ಮೊದಲ ರೈಝನ್ ಪ್ರೊಸೆಸರ್ ಬಂದಿತು. 2022ರ 5800ಎಕ್ಸ್3ಡಿ ಪ್ರೊಸೆಸರ್ ಕೂಡ ಅದೇ ಸಾಕೆಟ್‌ನದು. ತಯಾರಕರು ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಕೊಟ್ಟ ಹಳೆಯ ಬೋರ್ಡುಗಳಲ್ಲಿ ಪ್ರೊಸೆಸರ್ ಒಂದನ್ನೇ ಬದಲಿಸಿ ಗೇಮಿಂಗ್ ವೇಗವನ್ನು ಬಹಳ ಹೆಚ್ಚಿಸಿಕೊಳ್ಳಲು ಸಾಧ್ಯವಾಯಿತು. ಅದರ ನಂತರದ ಎಎಮ್5 ಸಾಕೆಟ್‌ಗೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುವುದರಿಂದ ಹಳೆಯ ರ‍್ಯಾಮ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ರ‍್ಯಾಮ್ ವಿಷಯದಲ್ಲಿ ಎರಡು ದಾರಿಗಳಲ್ಲಿ ಏಕಕಾಲಕ್ಕೆ ದತ್ತಾಂಶ ಸಾಗಿಸುವ ಡ್ಯುಯಲ್ ಚಾನೆಲ್‌ಗಾಗಿ ಎರಡು ಸ್ಟಿಕ್ ಬೇಕು. ಎರಡೇ ಸ್ಲಾಟ್ ಇರುವ ಬೋರ್ಡಿಗೆ 8 ಜಿಬಿಯ ಎರಡು ಸ್ಟಿಕ್ ಹಾಕಿದರೆ, ಮುಂದೆ ಹೆಚ್ಚಿಸುವಾಗ ಅವೆರಡನ್ನೂ ತೆಗೆಯಬೇಕಾಗುತ್ತದೆ. ನಾಲ್ಕು ಸ್ಲಾಟ್ ಇದ್ದರೂ ನಾಲ್ಕು ಡಿಡಿಆರ್5 ಸ್ಟಿಕ್ ತುಂಬಿದಾಗ ವೇಗ ಸಾಮಾನ್ಯವಾಗಿ ತಗ್ಗುವುದರಿಂದ, ಸಾಧ್ಯವಾದರೆ ಆರಂಭದಲ್ಲೇ 16 ಜಿಬಿಯ ಎರಡನ್ನು ಹಾಕುವಂತೆ ಹೇಳುತ್ತೇನೆ.

ಕಚೇರಿಯಿಂದ ಹೊರಬಂದ ಹಳೆಯ ಬ್ರ್ಯಾಂಡೆಡ್ ಕಂಪ್ಯೂಟರ್ ಕೊಂಡು ಕಾರ್ಡ್ ಸೇರಿಸುವ ಯೋಚನೆಯಿದ್ದರೆ, ಮೊದಲು ಅದರ ಮುಚ್ಚಳ ತೆಗೆದು ಪವರ್ ಸಪ್ಲೈ ಕನೆಕ್ಟರ್ ನೋಡಿ. ತಯಾರಕರು ತಮ್ಮದೇ ವಿನ್ಯಾಸದ ಕನೆಕ್ಟರ್ ಬಳಸಿದ್ದರೆ ಮಾಮೂಲಿ ಎಟಿಎಕ್ಸ್ ಮಾನದಂಡದ ಪವರ್ ಸಪ್ಲೈ ನೇರವಾಗಿ ಹೊಂದುವುದಿಲ್ಲ. ಅಂಥದ್ದರಲ್ಲಿ ಮದರ್‌ಬೋರ್ಡಿನ ಕಾರ್ಡ್ ಸ್ಲಾಟ್‌ನಿಂದ ಸಿಗುವ 75 ವ್ಯಾಟ್‌ನೊಳಗೆ ನಡೆಯುವ, ಗಾತ್ರದಲ್ಲೂ ಹಿಡಿಸುವ ಕಾರ್ಡನ್ನೇ ಹುಡುಕಬೇಕಾಗುತ್ತದೆ.