ಪ್ರಾಜೆಕ್ಟ್ ಹುಡುಗರದ್ದು, ಪೇಟೆಂಟ್ ಯಾರದ್ದು?

ನಮ್ಮ ಕಾಲೇಜಿನ ಬೌದ್ಧಿಕ ಆಸ್ತಿ ಪಾಲಿಸಿಯ ಕರಡು ನೋಡೋಕೆ ಹೋದ ತಿಂಗಳು ಆರು ಜನ ಕೂತಿದ್ದೆವು. ಏಳನೇ ಪುಟಕ್ಕೆ ಬಂದಾಗ ಯಾರೋ ಕಿಸಕ್ಕನೆ ನಕ್ಕರು. ಅಲ್ಲಿ ಬೇರೆ ಕಾಲೇಜಿನ ಹೆಸರು ಹಾಗೇ ಉಳಿದಿತ್ತು. ಎಲ್ಲಿಂದಲೋ ಇಳಿಸಿಕೊಂಡು, ಎಲ್ಲ ಕಡೆ ನಮ್ಮ ಹೆಸರು ತುಂಬಿ, ಅಲ್ಲೊಂದು ಮರೆತಿದ್ದಾರೆ. ನಗು ನಿಂತಿದ್ದು ಅದರ ಕೆಳಗಿನ ಸಾಲು ಓದಿದಾಗ: ಕ್ಯಾಂಪಸ್‌ನಲ್ಲಿ ಹುಟ್ಟುವ ಆವಿಷ್ಕಾರವೆಲ್ಲ ಸಂಸ್ಥೆಗೆ ಸೇರಿದ್ದು.

ಲ್ಯಾಬ್ ಇನ್‌ಸ್ಟ್ರಕ್ಟರ್ ಕೇಳಿದರು, "ಸರ್, ಹುಡುಗ್ರು ಎಸ್.ಪಿ. ರೋಡಿಗೆ ಹೋಗಿ ಸ್ವಂತ ದುಡ್ಡಲ್ಲಿ ಬೋರ್ಡು, ಸೆನ್ಸರ್ ತರ್ತಾರೆ. ಪಿ.ಜಿ. ರೂಮಲ್ಲಿ ಜೋಡಿಸ್ತಾರೆ. ನಮ್ಮಲ್ಲಿಗೆ ಬಂದು ಎರಡು ಸಂಜೆ ಆಸಿಲೋಸ್ಕೋಪ್ ಮುಂದೆ ಕೂರ್ತಾರೆ. ಅದೂ ನಮ್ದೇನಾ?"

ಥಟ್ಟನೆ ಯಾರಿಗೂ ಉತ್ತರ ಹೊಳೆಯಲಿಲ್ಲ.

ಕಾನೂನು ಮಾತ್ರ ಹುಡುಗರ ಕಡೆಗಿದೆ. 1970ರ ಪೇಟೆಂಟ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕುವ ಹಕ್ಕು ಮೊದಲು ಕಂಡುಹಿಡಿದವರದ್ದು, ಇಲ್ಲವೇ ಅವರು ಯಾರಿಗೆ ಬರೆದುಕೊಟ್ಟಿದ್ದಾರೋ ಅವರದ್ದು. 1957ರ ಕಾಪಿರೈಟ್ ಕಾಯ್ದೆ ಬೇರೆ ಥರ. ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರಿಗೆ ಹೋಗುತ್ತದೆ, ಸಾಫ್ಟ್‌ವೇರ್ ಕೂಡ. ಆದರೆ ವಿದ್ಯಾರ್ಥಿ ನೌಕರನೇ ಅಲ್ಲವಲ್ಲ. ಸಂಬಳ ತಗೊಳ್ಳೋದು ಹಾಗಿರಲಿ, ಅವನೇ ಫೀಸು ಕಟ್ಟುತ್ತಾನೆ.

ಮೊದಲೆಲ್ಲ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಮಾಡಿದರು. ಬೀಜ ಹೊಲದಿಂದ ಹೊಲಕ್ಕೆ ಹೋಯಿತು. ತಳಿಯ ಮೇಲೆ ಹಕ್ಕು ಅನ್ನೋ ಕಾನೂನು ಇಲ್ಲಿ ಬಂದಿದ್ದೇ 2001ರಲ್ಲಿ.

ಗಾಳಿ ತಿರುಗಿದ್ದು ಅಮೆರಿಕದಿಂದ. 1980ರ ಬೈ-ಡೋಲ್ ಕಾಯ್ದೆ ಬಂದಮೇಲೆ ಅಲ್ಲಿ ಸರ್ಕಾರದ ದುಡ್ಡಲ್ಲಿ ನಡೆದ ಸಂಶೋಧನೆಯ ಪೇಟೆಂಟನ್ನು ಯೂನಿವರ್ಸಿಟಿಗಳೇ ಇಟ್ಟುಕೊಳ್ಳಬಹುದಾಯಿತು. 2000ದಲ್ಲಿ ನಮ್ಮ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯವೂ ಹೆಚ್ಚುಕಡಿಮೆ ಅದೇ ದಾರಿ ಹಿಡಿಯಿತು: ದುಡ್ಡು ನಮ್ಮದು, ಹಕ್ಕು ಸಂಸ್ಥೆ ಇಟ್ಟುಕೊಳ್ಳಲಿ. ಅದೇ ಹೊತ್ತಿಗೆ ಬೆಂಗಳೂರಲ್ಲಿ ಸಿಂಪ್ಯೂಟರ್ ತಯಾರಾಗುತ್ತಿತ್ತು. ಐಐಎಸ್‌ಸಿಯ ಮೇಷ್ಟ್ರುಗಳು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಮಾಡಿದ, ಅಂಗೈ ಮೇಲೆ ಕೂರುವ ಅಗ್ಗದ ಕಂಪ್ಯೂಟರ್ ಅದು. ಹಕ್ಕನ್ನು ಒಂದು ಟ್ರಸ್ಟ್ ಕೈಗೆ ಕೊಟ್ಟು, ಬೇಕಾದವರು ಲೈಸೆನ್ಸ್ ತಗೊಂಡು ತಯಾರಿಸಲಿ ಅಂದರು. ಸಿಂಪ್ಯೂಟರ್ ಅಂಗಡಿಯಲ್ಲಿ ಓಡಲಿಲ್ಲ, ಅದು ಬೇರೆ ಮಾತು. ಹಕ್ಕು ಸಂಸ್ಥೆಗೋ ಮೇಷ್ಟರಿಗೋ ಎಂಬ ಜಗಳಕ್ಕೆ ಮೂರನೇ ದಾರಿಯೂ ಇದೆ ಅಂತ ನಮ್ಮೂರಲ್ಲೇ ಯಾರೋ ಯೋಚಿಸಿದ್ದರಲ್ಲ, ನನಗೆ ಅದು ಇಷ್ಟ.

2008ರಲ್ಲಿ ಬೈ-ಡೋಲ್ ಮಾದರಿಯ ಮಸೂದೆಯೇ ರಾಜ್ಯಸಭೆಗೆ ಬಂತು. ಜನರ ತೆರಿಗೆಯಲ್ಲಿ ಕಂಡುಹಿಡಿದದ್ದಕ್ಕೆ ಜನರೇ ಮತ್ತೆ ದುಡ್ಡು ಕೊಡಬೇಕಾ ಅಂತ ವಿರೋಧ ಜೋರಾಯಿತು. ಕೊನೆಗೆ ಸರ್ಕಾರ ಅದನ್ನು ವಾಪಸ್ ತಗೊಂಡಿತು. ಹಾಗಾಗಿ ಎಲ್ಲರಿಗೂ ಅನ್ವಯವಾಗುವ ಒಂದು ಕಾನೂನು ಇವತ್ತಿಗೂ ಇಲ್ಲ, ಪ್ರತಿ ಕ್ಯಾಂಪಸ್ಸೂ ತನ್ನ ಪಾಲಿಸಿ ತಾನೇ ಬರೆದುಕೊಳ್ಳಬೇಕು.

ಬರೆಯೋದರಲ್ಲೇ ಎಡವಟ್ಟಾಗೋದು. ಅಮೆರಿಕದ ಸ್ಟ್ಯಾನ್‌ಫರ್ಡ್ ಕಥೆ ಕೇಳಿ. ಅಲ್ಲಿನ ಸಂಶೋಧಕರೊಬ್ಬರು, ಎಚ್‌ಐವಿ ಪರೀಕ್ಷೆಗೆ ಸಂಬಂಧಿಸಿದ ಕೆಲಸ ಮಾಡುತ್ತಿದ್ದವರು, ಯೂನಿವರ್ಸಿಟಿಗೆ 'ಹಕ್ಕು ಬರೆದುಕೊಡಲು ಒಪ್ಪಿದ್ದೇನೆ' ಅಂತ ಸಹಿ ಹಾಕಿದ್ದರು. ಆಮೇಲೆ ಪಿಸಿಆರ್ (ಡಿಎನ್‌ಎಯ ನಕಲು ತೆಗೆಯುವ ವಿಧಾನ) ಕಲಿಯೋಕೆ ಸೀಟಸ್ ಅನ್ನೋ ಕಂಪನಿಗೆ ಹೋದಾಗ ಅಲ್ಲೂ ಒಂದು ಕಾಗದಕ್ಕೆ ಸಹಿ ಹಾಕಿದರು. ಅದರಲ್ಲಿದ್ದದ್ದು 'ಈ ಮೂಲಕ ಬರೆದುಕೊಡುತ್ತಿದ್ದೇನೆ'. ಬೆಂಗಳೂರಲ್ಲಿ ಸೈಟ್ ತಗೊಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ಒಂದು ಸೇಲ್ ಅಗ್ರಿಮೆಂಟ್, ಇನ್ನೊಂದು ಸೇಲ್ ಡೀಡ್. ಆ ಕಂಪನಿಯ ಪಾಲು ಔಷಧ ಕಂಪನಿ ರೋಶ್ ಕೈಸೇರಿತು, ಕೇಸು ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2011ರಲ್ಲಿ ಸ್ಟ್ಯಾನ್‌ಫರ್ಡ್ ಸೋತಿತು. ಬೈ-ಡೋಲ್ ಇದೆ ಅಂದಮಾತ್ರಕ್ಕೆ ಹಕ್ಕು ತಾನಾಗೇ ಯೂನಿವರ್ಸಿಟಿಗೆ ಹೋಗಲ್ಲ, ಅದು ಮೊದಲು ಕಂಡುಹಿಡಿದವರದ್ದೇ ಅಂತ ಕೋರ್ಟ್ ಹೇಳಿತು. ನಮ್ಮ ಏಳನೇ ಪುಟದ ಸಾಲಿಗೆ ಎಷ್ಟು ಬೆಲೆ ಅಂತ ನೀವೇ ಲೆಕ್ಕ ಹಾಕಿ.

ಇಷ್ಟು ದಿನ ಇಲ್ಲದ ಆತುರ ಈಗ್ಯಾಕೆ? ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಪೇಟೆಂಟಿಗೂ ಅಂಕ ಇದೆ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ 8,000 ರೂಪಾಯಿಯಿಂದ 1,600ಕ್ಕೆ ಇಳಿಯಿತು. ಅರ್ಜಿ ಪ್ರಕಟವಾಗೋದೇ ಬೇರೆ, ಪೇಟೆಂಟ್ ಸಿಗೋದೇ ಬೇರೆ. ಪ್ರಕಟವಾದದ್ದಕ್ಕೇ ಗೇಟಿಗೆ ಫ್ಲೆಕ್ಸ್ ಕಟ್ಟಿದ್ದನ್ನೂ ನೋಡಿದ್ದೇನೆ.

ಕೇಂದ್ರದ 2019ರ ನಾವೀನ್ಯತೆ ಮತ್ತು ಸ್ಟಾರ್ಟಪ್ ನೀತಿ ಒಂದು ಅಳತೆಗೋಲು ಕೊಟ್ಟಿದೆ. ಸಂಸ್ಥೆಯ ಸೌಲಭ್ಯ ಅಥವಾ ದುಡ್ಡನ್ನು ಗಣನೀಯವಾಗಿ ಬಳಸಿದ್ದರೆ, ಇಲ್ಲವೇ ಅದು ಪಠ್ಯದ ಭಾಗವಾಗಿದ್ದರೆ, ಇಬ್ಬರಿಗೂ ಹಕ್ಕು. ಎರಡೂ ಅಲ್ಲದಿದ್ದರೆ ಪೂರ್ತಿ ಕಂಡುಹಿಡಿದವರದ್ದೇ. ಒಡೆತನದ ಬಗ್ಗೆ ತಕರಾರು ಬಂದರೆ ಕನಿಷ್ಠ ಐದು ಜನರ ಸಮಿತಿ ನೋಡಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಫೈನಲ್ ಇಯರ್ ಪ್ರಾಜೆಕ್ಟ್ ಪಠ್ಯದ ಭಾಗವೇ ಅಲ್ವಾ? ಅಂದರೆ ಎಸ್.ಪಿ. ರೋಡಿನ ಬಿಲ್ ಜೇಬಲ್ಲಿದ್ದರೂ, ಮಾರ್ಕ್ಸ್‌ಗೋಸ್ಕರ ಮಾಡಿದರು ಅನ್ನೋ ಒಂದೇ ಕಾರಣಕ್ಕೆ ಹುಡುಗರು ಪಾಲು ಕೊಡಬೇಕು. ನನಗೆ ಇದು ಸರಿ ಕಾಣಲಿಲ್ಲ. ನಮ್ಮ ಪಾಲಿಸಿಯಲ್ಲಿ ಬಳಕೆಯ ಲೆಕ್ಕ ಮಾತ್ರ ಇರಲಿ ಅಂದೆ. ಇಬ್ಬರು ಒಪ್ಪಿದರು, ಇಬ್ಬರು ಒಪ್ಪಲಿಲ್ಲ, ಒಬ್ಬರು ಫೋನ್ ಬಂತೆಂದು ಎದ್ದು ಹೋದವರು ವಾಪಸ್ ಬರಲಿಲ್ಲ. 'ಗಣನೀಯ' ಅಂದರೆ ಎಷ್ಟು ಗಂಟೆ ಅನ್ನೋದು ಮುಂದಿನ ಸಭೆಗೆ ಹೋಯಿತು.

ಇನ್‌ಸ್ಟ್ರಕ್ಟರ್ ಮಾತ್ರ ಕಾಯಲಿಲ್ಲ. ಮಾರನೇ ದಿನ ಲ್ಯಾಬ್ ಬಾಗಿಲ ಹತ್ತಿರ ಒಂದು ಉದ್ದನೆಯ ರೂಲ್ಡ್ ಪುಸ್ತಕ, ದಾರ ಕಟ್ಟಿದ ಪೆನ್ನು. ಮೊದಲ ಪುಟದಲ್ಲಿ ಎರಡು ಹೆಸರು. ಆಸಿಲೋಸ್ಕೋಪ್, 5.15ರಿಂದ 6.40.